ಐವತ್ತು ದೊಣ್ಣೆಗಳ ಠರಾವು: ಗ್ರೀಸಿನ ಇತಿಹಾಸ ಬರೆಯುವವರಿಗೆ, ಕಲಿಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕನ್ನಡದಲ್ಲಿ ಪ್ರಾಚೀನ ಗ್ರೀಸಿನ ಪಾಠ ಬರೆಯುವವರು, ಅದನ್ನು ತರಗತಿಯಲ್ಲಿ ಕಲಿಸುವವರು, ಅದರ ಮೇಲೆ ಪ್ರಶ್ನೆಪತ್ರಿಕೆ ತೆಗೆಯುವವರು, ಎಲ್ಲರಿಗೂ ಸೇರಿಸಿ ಈ ಪತ್ರ. ವಿಷಯ ಒಂದೇ: ನಿರಂಕುಶಾಧಿಕಾರಿಗಳ ಭಾಗ. ಗ್ರೀಸಿನ ನಿರಂಕುಶಾಧಿಕಾರಿ ಎಂದ ಕೂಡಲೇ ಸಿಸಿಲಿಯ ಅಕ್ರಗಾಸ್ ಊರಿನ ಫಲಾರಿಸ್ ಮತ್ತು ಅವನ ಕಂಚಿನ ಗೂಳಿ ಬಂದು ನಿಲ್ಲುತ್ತವೆ. ಗೂಳಿಯ ಹೊಟ್ಟೆಯಲ್ಲಿ ಮನುಷ್ಯರನ್ನು ಕೂಡಿಹಾಕಿ ಕೆಳಗೆ ಬೆಂಕಿ ಹಾಕಿಸುತ್ತಿದ್ದನಂತೆ. ಮಕ್ಕಳು ಆ ಕಥೆಯನ್ನು ಜನ್ಮದಲ್ಲಿ ಮರೆಯುವುದಿಲ್ಲ ನಿಜ. ಆದರೆ ಒಬ್ಬ ಮನುಷ್ಯ ಒಂದಿಡೀ ಊರನ್ನು ಹೇಗೆ ಕೈಗೆ ತೆಗೆದುಕೊಂಡ ಎಂಬುದು ಅದರಿಂದ ಎಳ್ಳಷ್ಟೂ ತಿಳಿಯುವುದಿಲ್ಲ. ನಮ್ಮ ಕೋರಿಕೆ ಇಷ್ಟು: ಕ್ರೌರ್ಯಕ್ಕೆ ಕೊಡುವ ಜಾಗವನ್ನು ವಿಧಾನಕ್ಕೆ ಕೊಡಿ. ಅಧಿಕಾರ ಯಾವ ಬಾಗಿಲಿನಿಂದ ಬಂತು, ಯಾರು ಬಾಗಿಲು ತೆಗೆದರು, ಬಂದಮೇಲೆ ಯಾರು ಯಾರು ತಮ್ಮ ತಮ್ಮ ಕುರ್ಚಿಯಲ್ಲೇ ಕೂತಿದ್ದರು, ಇವನ್ನು ಬರೆಯಿರಿ. ಬೇಕಾದ ಸಾಮಗ್ರಿಯನ್ನು ಗ್ರೀಕರೇ ಬರೆದಿಟ್ಟಿದ್ದಾರೆ, ಒಂದಷ್ಟನ್ನು ಕಲ್ಲಿನಲ್ಲಿ ಕೆತ್ತಿಯೂ ಇಟ್ಟಿದ್ದಾರೆ.

ಅಥೆನ್ಸಿನಿಂದಲೇ ಶುರುಮಾಡಿ. ಅಲ್ಲಿ ಮೊದಲು ಕೈಹಾಕಿ ಕೆಟ್ಟವನು ಕೈಲಾನ್. ಒಲಿಂಪಿಕ್ ಗೆದ್ದವನು, ನೆರೆಯ ಮೆಗಾರದ ನಿರಂಕುಶಾಧಿಕಾರಿ ಥಿಯಾಜೆನೀಸನ ಅಳಿಯ. ಕ್ರಿ.ಪೂ. 632ರ ಆಸುಪಾಸಿನಲ್ಲಿ ಮಾವ ಕಳಿಸಿದ ಆಳುಗಳನ್ನೂ ತನ್ನ ಗೆಳೆಯರನ್ನೂ ಕಟ್ಟಿಕೊಂಡು ಅಕ್ರೊಪೊಲಿಸ್ ಕೋಟೆ ಹತ್ತಿ ಕೂತ. ಹೊರಗಿನ ಸೈನಿಕರನ್ನು ಕಂಡ ಜನ ಹೊಲಗದ್ದೆ ಬಿಟ್ಟು ಓಡಿಬಂದು ಗುಡ್ಡಕ್ಕೆ ಮುತ್ತಿಗೆ ಹಾಕಿದರು. ಅನ್ನ ನೀರು ತೀರಿ ಅವನ ಕಡೆಯವರು ಶರಣಾದರು. ದೇವರ ಆಶ್ರಯ ಹಿಡಿದಿದ್ದವರನ್ನೂ ಕೊಂದದ್ದರ ಶಾಪ ಅದಕ್ಕೆ ಹೊಣೆಯೆನಿಸಿದ, ಅಥೆನ್ಸಿನ ದೊಡ್ಡ ಮನೆತನವಾದ ಆಲ್ಕ್‌ಮಿಯೊನಿಡ್‌ರಿಗೆ ಅಂಟಿತು. ಜನರನ್ನು ಕೇಳದೆ ಕೋಟೆ ಹಿಡಿದರೆ ಗತಿ ಇದು ಎಂದು ಆ ಊರು ತೋರಿಸಿತ್ತು.

ಎಪ್ಪತ್ತು ವರ್ಷದ ನಂತರ ಪೈಸಿಸ್ಟ್ರಾಟಸ್ ಅದೇ ಕೋಟೆಯನ್ನು ಜನರನ್ನು ಕೇಳಿಯೇ ಹಿಡಿದ. ಆಗ ಅಥೆನ್ಸಿನ ಸುತ್ತಲಿನ ಅಟಿಕಾ ಪ್ರದೇಶದಲ್ಲಿ ಮೂರು ಬಣ: ಬಯಲಿನವರಿಗೆ ಲೈಕರ್ಗಸ್, ಕರಾವಳಿಯವರಿಗೆ ಮೆಗಾಕ್ಲೀಸ್, ಗುಡ್ಡದವರಿಗೆ ಪೈಸಿಸ್ಟ್ರಾಟಸ್. ಮೆಗಾರದ ನಿಸಾಯಾ ಬಂದರನ್ನು ಗೆದ್ದ ವೀರ ಎಂದು ಅವನಿಗೆ ಆಗಲೇ ಹೆಸರಿತ್ತು. ಕ್ರಿ.ಪೂ. 561ರ ಸುಮಾರಿಗೆ ಒಂದು ದಿನ ಮೈಯೆಲ್ಲ ರಕ್ತವಾಗಿ, ಗಾಯಗೊಂಡ ಹೇಸರಗತ್ತೆಗಳ ಗಾಡಿ ಓಡಿಸಿಕೊಂಡು ನೇರ ಅಗೋರಾ ಚೌಕಕ್ಕೆ ನುಗ್ಗಿದ. ಊರ ಹೊರಗೆ ಶತ್ರುಗಳು ಕೊಲ್ಲಲು ಬಂದಿದ್ದರು, ತಪ್ಪಿಸಿಕೊಂಡು ಬಂದೆ ಎಂದ. ಆ ಗಾಯಗಳು ಅವನೇ ಮಾಡಿಕೊಂಡವು ಎನ್ನುತ್ತಾನೆ ಇತಿಹಾಸಕಾರ ಹೆರೊಡೋಟಸ್. ಅರಿಸ್ಟಿಯನ್ ಎಂಬಾತ ಜನಸಭೆಯಲ್ಲಿ ಠರಾವು ಮಂಡಿಸಿದ, ಸಭೆ ಅಂಗರಕ್ಷಕರನ್ನು ಕೊಟ್ಟಿತು. ಐವತ್ತು ಜನ ಎಂಬ ಲೆಕ್ಕ ಜೀವನಚರಿತ್ರೆಕಾರ ಪ್ಲೂಟಾರ್ಕನದು. ಕೈಯಲ್ಲಿ ಈಟಿ ಇಲ್ಲ, ಬರೀ ದೊಣ್ಣೆ. ಈಟಿ ಕೇಳಿದ್ದರೆ ಸಭೆ ಹುಬ್ಬೇರಿಸುತ್ತಿತ್ತೇನೋ. ದೊಣ್ಣೆಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅಥೆನ್ಸಿಗೆ ಕಾನೂನು ಬರೆದುಕೊಟ್ಟಿದ್ದ ವೃದ್ಧ ಸೋಲನ್ ಒಬ್ಬ ವಿರೋಧಿಸಿದ, ಯಾರೂ ಕಿವಿಗೊಡಲಿಲ್ಲ.

ಇಲ್ಲಿ ಪಾಠ ನಿಧಾನಿಸಬೇಕು. ಠರಾವು ಪಾಸಾದಮೇಲೆ ಆದದ್ದನ್ನು ಪ್ಲೂಟಾರ್ಕ್ ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತಾನೆ: ಎಷ್ಟು ಜನ ದೊಣ್ಣೆಯವರು ಎಂದು ಆಮೇಲೆ ಯಾರೂ ಲೆಕ್ಕ ಕೇಳಲಿಲ್ಲ, ಅವನು ತನಗೆ ಬೇಕಾದಷ್ಟು ಮಂದಿಯನ್ನು ಎಲ್ಲರ ಕಣ್ಣೆದುರೇ ಸೇರಿಸಿಕೊಂಡ, ಒಂದು ದಿನ ಕೋಟೆ ಹಿಡಿದ. ಸಭೆಯ ತಪ್ಪು ದೊಣ್ಣೆ ಕೊಟ್ಟದ್ದಕ್ಕಿಂತ ದೊಡ್ಡದು ಇಲ್ಲಿದೆ. ಎಷ್ಟು ದಿನಕ್ಕೆ, ಯಾರ ಖರ್ಚಿನಲ್ಲಿ, ಯಾರ ಅಪ್ಪಣೆಯ ಕೆಳಗೆ, ಸಂಖ್ಯೆ ಮೀರಿದರೆ ಕೇಳುವವರು ಯಾರು, ಇದೊಂದನ್ನೂ ಅವರು ಕಟ್ಟಿಹಾಕಲಿಲ್ಲ.

ಈ ಸೂತ್ರವನ್ನು ಅರಿಸ್ಟಾಟಲ್ ಭಾಷಣಕಲೆಯ ಪಾಠದಲ್ಲಿ ಉದಾಹರಣೆಯಾಗಿಯೇ ಬಳಸಿದ. ಹಿಂದೆ ಪೈಸಿಸ್ಟ್ರಾಟಸ್ ಅಂಗರಕ್ಷಕರನ್ನು ಕೇಳಿ ಪಡೆದು ನಿರಂಕುಶಾಧಿಕಾರಿಯಾದ, ಮೆಗಾರದಲ್ಲಿ ಥಿಯಾಜೆನೀಸನೂ ಹಾಗೇ ಮಾಡಿದ. ಈಗ ಸಿರಾಕ್ಯೂಸಿನ ಡಯೊನೀಸಿಯಸ್ ಅಂಗರಕ್ಷಕರನ್ನು ಕೇಳುತ್ತಿದ್ದಾನೆಂದರೆ ಅವನ ಮನಸ್ಸಿನಲ್ಲಿರುವುದೂ ಅದೇ ಎಂದು ವಾದಿಸಬಹುದು ಎನ್ನುತ್ತಾನೆ. ಇಷ್ಟು ಬಳಸಿ ಹಳಸಿದ ತಂತ್ರ ಅದು.

ಹಳಸಿದ್ದೂ ನಡೆಯಿತು ಎನ್ನುವುದಕ್ಕೆ ಸಿಸಿಲಿಯ ಸಿರಾಕ್ಯೂಸ್ ನಗರವನ್ನು ಸೇರಿಸಿ. ಅಥೆನ್ಸ್ ಒಂದನ್ನೇ ಓದಿದವರು ಇದು ಪುರಾತನ ಕಾಲದ ಮುಗ್ಧತೆ ಎಂದುಕೊಳ್ಳುತ್ತಾರೆ. ಸಿರಾಕ್ಯೂಸ್ ಪ್ರಜಾಪ್ರಭುತ್ವದ ಊರು, ಕಾಲ ಕ್ರಿ.ಪೂ. 406–405. ಉತ್ತರ ಆಫ್ರಿಕಾದ ಕಾರ್ತೇಜಿನ ಸೈನ್ಯ ಅಕ್ರಗಾಸನ್ನು ನುಂಗಿತ್ತು, ಜನ ಹೆದರಿದ್ದರು. ಇಪ್ಪತ್ತೈದರ ಆಸುಪಾಸಿನ ಡಯೊನೀಸಿಯಸ್ ಸಭೆಯಲ್ಲಿ ಎದ್ದು ಸೇನಾಪತಿಗಳು ಶತ್ರುವಿಗೆ ಮಾರಿಕೊಂಡಿದ್ದಾರೆ, ವಿಚಾರಣೆಗೆ ಕಾಯದೆ ಇಲ್ಲೇ ಶಿಕ್ಷಿಸಿ ಎಂದ. ಕ್ರಮ ಮೀರಿದ್ದಕ್ಕೆ ಅಧಿಕಾರಿಗಳು ದಂಡ ಹಾಕಿದರು. ಶ್ರೀಮಂತ ಫಿಲಿಸ್ಟಸ್ ಆ ದಂಡ ಕಟ್ಟಿ, ಇಡೀ ದಿನ ದಂಡ ಹಾಕಿ, ಇಡೀ ದಿನ ಕಟ್ಟುತ್ತೇನೆ, ನೀನು ಮಾತಾಡು ಎಂದ. ಸಭೆಯ ಶಿಸ್ತಿನ ನಿಯಮವನ್ನು ಹಣ ಹೀಗೆ ನಿಷ್ಫಲ ಮಾಡಿತು.

ಮುಂದಿನ ಮೆಟ್ಟಿಲುಗಳನ್ನು ಇತಿಹಾಸಕಾರ ಡಯೋಡೋರಸ್ ಒಂದೊಂದಾಗಿ ಹೇಳುತ್ತಾನೆ. ಹಳೆಯ ಸೇನಾಪತಿಗಳು ಹೋದರು. ಹೊಸಬರಲ್ಲಿ ಡಯೊನೀಸಿಯಸ್ ಒಬ್ಬ. ಜೊತೆಯವರ ಸಭೆಗಳಿಗೆ ಹೋಗದೆ ದೂರ ನಿಂತು ಅವರ ಮೇಲೇ ಗುಮಾನಿ ಹಬ್ಬಿಸಿದ. ಗಡೀಪಾರಾದವರನ್ನು ವಾಪಸು ಕರೆಸಿದ, ಅವರಿಗೆ ಅವನೇ ಗತಿ. ಕೊನೆಗೆ ತಾನೊಬ್ಬನೇ ಸರ್ವಾಧಿಕಾರದ ಸೇನಾಪತಿಯಾದ, ಸೈನಿಕರ ಸಂಬಳ ಎರಡರಷ್ಟು ಮಾಡಿಸಿದ. ಇನ್ನು ಬೇಕಾದದ್ದು ಅಂಗರಕ್ಷಕ ಪಡೆ. ನಲವತ್ತು ವರ್ಷದೊಳಗಿನವರೆಲ್ಲ ಮೂವತ್ತು ದಿನದ ಬುತ್ತಿ ಕಟ್ಟಿಕೊಂಡು ಲಿಯೊಂಟಿನಿಗೆ ಬನ್ನಿ ಎಂದು ಆಜ್ಞೆ ಮಾಡಿದ. ಆ ಊರಿನ ತುಂಬ ಪರಸ್ಥಳದವರು, ದೇಶಭ್ರಷ್ಟರು. ಸಿರಾಕ್ಯೂಸಿನ ಹೆಚ್ಚಿನವರು ಅಲ್ಲಿಗೆ ಬರುವುದಿಲ್ಲ ಎಂಬುದೇ ಅವನ ಲೆಕ್ಕ. ರಾತ್ರಿ ಬಿಡಾರದಲ್ಲಿ ಕೊಲೆ ಯತ್ನ ನಡೆಯಿತು ಎಂದು ಗದ್ದಲ ಎಬ್ಬಿಸಿ ಕೋಟೆಗೆ ಓಡಿದ, ಬೆಂಕಿ ಉರಿಸಿ ನಂಬಿಗಸ್ತ ಸೈನಿಕರನ್ನು ಕರೆಸಿಕೊಂಡ. ಬೆಳಗಾಗುವಷ್ಟರಲ್ಲಿ ಸೇರಿದ ಗುಂಪು 600 ಅಂಗರಕ್ಷಕರನ್ನು ಮಂಜೂರು ಮಾಡಿತು. ಅವನು ಆರಿಸಿಕೊಂಡದ್ದು ಸಾವಿರಕ್ಕೂ ಹೆಚ್ಚು, ಆಸ್ತಿ ಇಲ್ಲದ, ಧೈರ್ಯವಿದ್ದ ಆಳುಗಳನ್ನೇ. ಪೈಸಿಸ್ಟ್ರಾಟಸನನ್ನು ನೋಡಿ ಕಲಿತದ್ದು ಎಂದು ಜನ ಹೇಳುತ್ತಾರೆಂದು ಡಯೋಡೋರಸನೇ ಬರೆಯುತ್ತಾನೆ. ಕ್ರಿ.ಪೂ. 367ರಲ್ಲಿ ಸಾಯುವವರೆಗೂ, ಅಂದರೆ 38 ವರ್ಷ, ಅವನನ್ನು ಯಾರೂ ಕದಲಿಸಲಾಗಲಿಲ್ಲ.

ಅಂಗರಕ್ಷಕರು ಸಿಕ್ಕರೆ ಎಲ್ಲ ಸಿಕ್ಕಂತೆ ಎಂದು ವಿದ್ಯಾರ್ಥಿಗಳು ತಿಳಿಯುವ ಅಪಾಯವೂ ಇದೆ. ಪೈಸಿಸ್ಟ್ರಾಟಸ್ ಎರಡು ಸಲ ಬಿದ್ದ. ಮೊದಲ ಸಲ ಬಯಲಿನವರೂ ಕರಾವಳಿಯವರೂ ಒಂದಾಗಿ ಓಡಿಸಿದರು. ಎರಡನೇ ಸಲ ಮೆಗಾಕ್ಲೀಸನೇ ಮಗಳನ್ನು ಕೊಟ್ಟು ಕರೆತಂದ. ಫೈಯೆ ಎಂಬ ಎತ್ತರದ ಹೆಂಗಸಿಗೆ, ನಾಲ್ಕು ಮೊಳಕ್ಕೆ ಮೂರು ಬೆರಳು ಕಡಿಮೆ ಎಂದು ಹೆರೊಡೋಟಸ್ ಅಳತೆಯನ್ನೂ ಕೊಡುತ್ತಾನೆ, ಅಥೀನಾ ದೇವಿಯ ವೇಷ ಹಾಕಿ ರಥದಲ್ಲಿ ನಿಲ್ಲಿಸಿ, ದೇವಿಯೇ ಇವನನ್ನು ಕರೆತರುತ್ತಿದ್ದಾಳೆ ಎಂದು ಸಾರಿಸಿದರು. (ಈ ಬಿಟ್ಟಿ ನಾಟಕಕ್ಕೆ ಪುಟಗಟ್ಟಲೆ ಕೊಡಬೇಡಿ, ಎರಡು ಸಾಲು ಸಾಕು.) ಅಳಿಯ ಮಗಳೊಂದಿಗೆ ಸಂಸಾರ ಮಾಡುತ್ತಿಲ್ಲ ಎಂದು ತಿಳಿದ ಮಾವ ತಿರುಗಿಬಿದ್ದ, ಅಧಿಕಾರವೂ ಹೋಯಿತು. ಎರಡೂ ಸಲ ಅವನು ಬೇರೆಯವರ ಬಲದ ಮೇಲೆ ನಿಂತಿದ್ದ.

ಮೂರನೆಯದಕ್ಕೆ ಹತ್ತು ವರ್ಷ ತಯಾರಿ. ಉತ್ತರದ ಪಾಂಗಾಯಸ್ ಬೆಟ್ಟದ ಗಣಿ ಪ್ರದೇಶದಲ್ಲಿ ಹಣ ಮಾಡಿದ, ಥೀಬ್ಸಿನವರಿಂದ ದೇಣಿಗೆ ಎತ್ತಿದ, ಆರ್ಗಾಸಿನಿಂದ ಕೂಲಿ ಸೈನಿಕರನ್ನು ತಂದ, ನಾಕ್ಸೋಸ್ ದ್ವೀಪದ ಲಿಗ್ಡಾಮಿಸ್ ಹಣ ಮತ್ತು ಆಳುಗಳೊಡನೆ ಬಂದು ಸೇರಿದ. ಕ್ರಿ.ಪೂ. 546ರಲ್ಲಿ ಮ್ಯಾರಥಾನಿನಲ್ಲಿ ಇಳಿದು ಪಲ್ಲೀನೆಯ ಬಳಿ, ಅಥೆನ್ಸಿನ ಸೈನ್ಯ ಊಟ ಮುಗಿಸಿ ಪಗಡೆದಾಳ ಹಾಕುತ್ತ, ತೂಕಡಿಸುತ್ತ ಇದ್ದಾಗ ಮೇಲೆ ಬಿದ್ದ. ಓಡುವವರ ಹಿಂದೆ ಮಕ್ಕಳನ್ನು ಕುದುರೆ ಮೇಲೆ ಕಳಿಸಿ, ಹೆದರಬೇಡಿ, ಮನೆಗೆ ಹೋಗಿ ಎಂದು ಹೇಳಿಸಿದ. ಮನೆಗೆ ಹೋದವರು ಮತ್ತೆ ಗುಂಪುಗೂಡಲಿಲ್ಲ.

ಆಮೇಲೆ ಜನರ ಕೈಯಿಂದ ಆಯುಧ ಬಿಡಿಸಿದ. ಅಥೆನ್ಸಿನ ಆಡಳಿತದ ಕುರಿತ, ಅರಿಸ್ಟಾಟಲನ ಹೆಸರಿನಲ್ಲಿ ಬಂದಿರುವ ಗ್ರಂಥದಲ್ಲಿ ಇದರ ವಿವರವಿದೆ. ಎಲ್ಲರನ್ನೂ ಆಯುಧ ಸಮೇತ ಥೀಸಿಯಸನ ಗುಡಿಯ ಬಳಿ ಸೇರಿಸಿ, ಬೇಕೆಂದೇ ಮೆಲುದನಿಯಲ್ಲಿ ಮಾತು ಶುರುಮಾಡಿದ. ಕೇಳಿಸುತ್ತಿಲ್ಲ ಎಂದರು. ಹಾಗಾದರೆ ಅಕ್ರೊಪೊಲಿಸಿನ ಬಾಗಿಲ ಹತ್ತಿರ ಬನ್ನಿ ಎಂದ. ಅಲ್ಲಿ ಅವನು ಮಾತಾಡುತ್ತಿರುವಾಗ ಇಲ್ಲಿ ಅವನ ಆಳುಗಳು ಬಿಟ್ಟುಹೋದ ಆಯುಧಗಳನ್ನು ಎತ್ತಿ ಪಕ್ಕದ ಕಟ್ಟಡದಲ್ಲಿಟ್ಟು ಬೀಗ ಹಾಕಿದರು. ಕೆಲಸ ಮುಗಿದ ಸನ್ನೆ ಬಂದಮೇಲೆ, ಆಶ್ಚರ್ಯಪಡಬೇಡಿ, ಮನೆಗೆ ಹೋಗಿ ನಿಮ್ಮ ನಿಮ್ಮ ಕೆಲಸ ನೋಡಿಕೊಳ್ಳಿ, ಊರಿನ ಕೆಲಸ ನನಗೆ ಬಿಡಿ ಎಂದ. ಇತಿಹಾಸಕಾರ ಥುಸಿಡೈಡೀಸ್ ಇದೇ ಬಗೆಯ ನಿಶ್ಶಸ್ತ್ರೀಕರಣವನ್ನು ಮಗ ಹಿಪ್ಪಿಯಸನ ಲೆಕ್ಕಕ್ಕೆ ಬರೆಯುತ್ತಾನೆ. ಎರಡನ್ನೂ ಹೇಳಿ, ಮೂಲಗಳು ಜಗಳವಾಡುತ್ತವೆ ಎಂದು ಮಕ್ಕಳಿಗೆ ಗೊತ್ತಾಗಲಿ. ಕ್ರಿ.ಪೂ. 404ರಲ್ಲಿ ಮೂವತ್ತು ಮಂದಿಯ ಕೂಟ ಅಥೆನ್ಸನ್ನು ಹಿಡಿದಾಗಲೂ ಆಯುಧ ತಪಾಸಣೆಯ ನೆಪ ಹೂಡಿ, ಜನ ಅತ್ತ ಹೋದಾಗ ಆಯುಧ ಎತ್ತಿಕೊಂಡು ಹೋದರು. ಸ್ಪಾರ್ಟಾದ ಕಾವಲುಪಡೆ ನೆರವಿಗಿತ್ತು.

ಇನ್ನು ಆಳ್ವಿಕೆ. ಪೈಸಿಸ್ಟ್ರಾಟಸ್ ಕಾನೂನು ಸುಡಲಿಲ್ಲ, ಸಭೆ ಮುಚ್ಚಲಿಲ್ಲ. ಇದ್ದ ಕಾನೂನೇ ನಡೆಯುತ್ತಿತ್ತು, ಪದವಿಗಳಲ್ಲಿ ತಮ್ಮವನೊಬ್ಬ ಸದಾ ಇರುವಂತೆ ಮಾತ್ರ ನೋಡಿಕೊಂಡರು ಎನ್ನುತ್ತಾನೆ ಥುಸಿಡೈಡೀಸ್. ಬಡ ರೈತರಿಗೆ ಸಾಲ ಕೊಟ್ಟ, ಹಳ್ಳಿಹಳ್ಳಿಗೆ ಸಂಚಾರಿ ನ್ಯಾಯಾಧೀಶರನ್ನು ಕಳಿಸಿದ. ಎರಡೂ ಒಳ್ಳೆಯ ಕೆಲಸವೇ. ಅರಿಸ್ಟಾಟಲನ ಹೆಸರಿನ ಅದೇ ಗ್ರಂಥ ಅದರ ಇನ್ನೊಂದು ಮುಖವನ್ನೂ ಹೇಳುತ್ತದೆ: ಹೊಲದಲ್ಲಿ ಕೈತುಂಬ ಕೆಲಸವಿದ್ದವನು ಊರಿಗೆ ಬಂದು ರಾಜಕಾರಣ ಮಾಡುವುದಿಲ್ಲ. ತೆರಿಗೆ ಬೆಳೆಯ ಹತ್ತರಲ್ಲಿ ಒಂದು ಪಾಲು ಎಂದು ಆ ಗ್ರಂಥ. ಇಪ್ಪತ್ತರಲ್ಲಿ ಒಂದು ಎಂದು ಥುಸಿಡೈಡೀಸ್, ಅವನು ಹೇಳುವುದು ಮಕ್ಕಳ ಕಾಲದ ಮಾತು.

ಪದವಿಗಳ ವಿಷಯಕ್ಕೆ ಬಂದರೆ, ಪಾಠದಲ್ಲಿ ಒಂದು ಕಲ್ಲಿನ ಚೂರನ್ನು ಸೇರಿಸಲೇಬೇಕು. ಅಥೆನ್ಸಿನ ಅಗೋರಾದ ಉತ್ಖನನದಲ್ಲಿ ಸಿಕ್ಕಿದ ಅಮೃತಶಿಲೆಯ ತುಂಡು ಅದು, ವರ್ಷವರ್ಷದ ಆರ್ಕನ್ ಅಧಿಕಾರಿಗಳ ಪಟ್ಟಿಯ ಒಂದು ಮೂಲೆ. ಆ ಘಟನೆಗಳಾಗಿ ಸುಮಾರು ನೂರು ವರ್ಷದ ನಂತರ ಕೆತ್ತಿದ್ದು. ಹೆಸರುಗಳ ತಲೆಯೋ ಬಾಲವೋ ಒಡೆದುಹೋಗಿವೆ, ಆದರೂ ಓದಲು ಬರುತ್ತದೆ: ಹಿಪ್ಪಿಯಸ್, ಅವನ ಕೆಳಗೆ ಕ್ಲೈಸ್ಥೆನೀಸ್, ಅವನ ಕೆಳಗೆ ಮಿಲ್ಟಿಯಾಡೀಸ್. ತಂದೆ ಪೈಸಿಸ್ಟ್ರಾಟಸ್ ತೀರಿದ್ದು ಕ್ರಿ.ಪೂ. 528–527ರಲ್ಲಿ, ಹಿಪ್ಪಿಯಸನ ಆರ್ಕನ್ ವರ್ಷ 526–525, ಮುಂದಿನ ಎರಡು ವರ್ಷ ಉಳಿದಿಬ್ಬರದು. ಈ ಕ್ಲೈಸ್ಥೆನೀಸ್ ಮುಂದೆ ಪ್ರಜಾಪ್ರಭುತ್ವ ಕಟ್ಟಿದವನೇ, ಆಲ್ಕ್‌ಮಿಯೊನಿಡ್ ಮನೆತನದವನು. ನಿರಂಕುಶಾಧಿಕಾರದ ಕಾಲವಿಡೀ ಆ ಮನೆತನ ದೇಶಭ್ರಷ್ಟವಾಗಿತ್ತು ಎಂದು ಹೆರೊಡೋಟಸ್ ಬರೆಯುತ್ತಾನೆ. ಕಲ್ಲು ಬೇರೆ ಹೇಳುತ್ತದೆ. ಮಿಲ್ಟಿಯಾಡೀಸನ ತಂದೆ ಕೈಮಾನನನ್ನು ಕೊಲ್ಲಿಸಿದವರು ಪೈಸಿಸ್ಟ್ರಾಟಸನ ಮಕ್ಕಳು ಎಂದೂ ಹೆರೊಡೋಟಸ್ ಹೇಳುತ್ತಾನೆ. ಆದರೂ ಮಗ ಅವರ ಕಾಲದಲ್ಲೇ ವರ್ಷದ ಅಧಿಕಾರಿಯಾಗಿ ಕೂತಿದ್ದ. ದೊಡ್ಡ ಮನೆತನಗಳು ಈ ವ್ಯವಸ್ಥೆಯೊಳಗೆ ಸರದಿಯಲ್ಲಿ ಪಾಲು ಪಡೆದಿದ್ದವು. ನಂತರದ ಪೀಳಿಗೆಗಳು ಅದನ್ನು ಮರೆಸಿದವು. ನಮ್ಮನ್ನು ಕೇಳಿದರೆ ಇಡೀ ಅಧ್ಯಾಯಕ್ಕೆ ಈ ಮೂರು ಹೆಸರೇ ಬೆನ್ನೆಲುಬು.

ಅರಿಸ್ಟಾಟಲನ ರಾಜನೀತಿಯಲ್ಲಿ ನಿರಂಕುಶಾಧಿಕಾರ ಉಳಿಸಿಕೊಳ್ಳುವ ಎರಡು ದಾರಿಗಳಿವೆ. ಒಂದು ಎಲ್ಲರಿಗೂ ಗೊತ್ತಿರುವುದು: ತಲೆ ಎತ್ತಿದವರನ್ನು ಕತ್ತರಿಸು, ಸಹಭೋಜನ ಮತ್ತು ಕೂಟಗಳನ್ನು ನಿಲ್ಲಿಸು, ಬೇಹುಗಾರರನ್ನು ಬಿಡು, ಜನರನ್ನು ಬಡವರಾಗಿಡು, ಯುದ್ಧ ಹೂಡುತ್ತಿರು. ಎರಡನೆಯದು ನಯವಾದದ್ದು: ಊರಿನ ಮೇಲ್ವಿಚಾರಕನಂತೆ ಕಾಣು, ಆದಾಯ ಖರ್ಚಿನ ಲೆಕ್ಕ ಒಪ್ಪಿಸು, ಸನ್ಮಾನಗಳನ್ನು ನೀನೇ ಕೈಯಾರೆ ಮಾಡು, ಶಿಕ್ಷೆಗಳನ್ನು ಮಾತ್ರ ಅಧಿಕಾರಿಗಳಿಂದ, ನ್ಯಾಯಾಲಯಗಳಿಂದ ಕೊಡಿಸು. ಮೊದಲನೆಯದು ಪಾಠದಲ್ಲಿ ಸುಲಭವಾಗಿ ಜಾಗ ಪಡೆಯುತ್ತದೆ, ಎರಡನೆಯದಕ್ಕೂ ಅಷ್ಟೇ ಜಾಗ ಕೊಡಿ. ದೊಡ್ಡ ಕಟ್ಟಡಗಳನ್ನು ಅವನು ಜನರನ್ನು ಬಡವರಾಗಿ, ಬಿಡುವಿಲ್ಲದೆ ಇಡುವ ಉಪಾಯ ಎಂದು ಮೊದಲ ಪಟ್ಟಿಗೇ ಹಾಕುತ್ತಾನೆ, ಸೇಮೋಸ್ ದ್ವೀಪದಲ್ಲಿ ನಿರಂಕುಶಾಧಿಕಾರಿ ಪೊಲಿಕ್ರಟೀಸ್ ಮಾಡಿಸಿದ ಕೆಲಸಗಳನ್ನೂ ಸೇರಿಸಿ. ಇದನ್ನು ನಾವು ಪೂರ್ತಿ ಒಪ್ಪುವುದಿಲ್ಲ. ಅದೇ ಸೇಮೋಸಿನಲ್ಲಿ ಯೂಪಾಲಿನಸ್ ಎಂಬ ಎಂಜಿನಿಯರ್ ಬೆಟ್ಟದ ಎರಡೂ ಬದಿಯಿಂದ ಕೊರೆಸಿದ 1,036 ಮೀಟರ್ ಸುರಂಗ ಊರಿಗೆ ನೀರು ತಂದಿತು. ಕುಡಿಯುವ ನೀರು ತಂತ್ರವೂ ಹೌದು, ನೀರೂ ಹೌದು.

ಪತನದ ಭಾಗದಲ್ಲಿ ಒಂದು ತಪ್ಪು ಎರಡೂವರೆ ಸಾವಿರ ವರ್ಷದಿಂದ ನಡೆದುಬಂದಿದೆ. ಹಾರ್ಮೋಡಿಯಸ್, ಅರಿಸ್ಟೊಜೈಟನ್ ಎಂಬ ಇಬ್ಬರು ಕ್ರಿ.ಪೂ. 514ರಲ್ಲಿ ನಿರಂಕುಶಾಧಿಕಾರಿಯನ್ನು ಕೊಂದು ಅಥೆನ್ಸನ್ನು ಬಿಡಿಸಿದರು ಎಂದು ಅಥೆನ್ಸಿನವರೇ ಹಾಡುತ್ತಿದ್ದರು. ಅವರು ಕೊಂದದ್ದು ಹಿಪ್ಪಿಯಸನ ತಮ್ಮನಾದ ಹಿಪ್ಪಾರ್ಕಸನನ್ನು, ಕಾರಣ ಖಾಸಗಿ ಅವಮಾನ. ಅಧಿಕಾರ ಅಣ್ಣ ಹಿಪ್ಪಿಯಸನ ಕೈಯಲ್ಲೇ ಉಳಿಯಿತು, ನಾಲ್ಕು ವರ್ಷ ಮೊದಲಿಗಿಂತ ಕಠೋರವಾಗಿ ನಡೆಯಿತು. ಕೊನೆಗೆ 510ರಲ್ಲಿ ಓಡಿಸಿದ್ದು ಸ್ಪಾರ್ಟಾದ ರಾಜ ಕ್ಲಿಯೊಮಿನೀಸನ ಸೈನ್ಯ. ಅದೂ ಹಿಪ್ಪಿಯಸನ ಕುಟುಂಬದ ಮಕ್ಕಳು ಊರಿನಿಂದ ಗುಟ್ಟಾಗಿ ಹೊರಗೆ ಸಾಗಿಸುವಾಗ ಸಿಕ್ಕಿಬಿದ್ದದ್ದರಿಂದ. ಇಲ್ಲದಿದ್ದರೆ ಮುತ್ತಿಗೆ ಬೇಗ ಮುಗಿಯುವಂಥದ್ದಲ್ಲ. ಐದು ದಿನದಲ್ಲಿ ಜಾಗ ಖಾಲಿ ಮಾಡುವ ಕರಾರಾಯಿತು. ಇದನ್ನು ಥುಸಿಡೈಡೀಸ್ ಆಗಲೇ ತಿದ್ದಿ ಬರೆದಿದ್ದಾನೆ. ಪ್ರಶ್ನೆಪತ್ರಿಕೆ ತೆಗೆಯುವವರು ದಯವಿಟ್ಟು 514 ಮತ್ತು 510ನ್ನು ಬೆರೆಸಬೇಡಿ.

ಆಮೇಲೆ ಅಥೆನ್ಸ್ ಕಟ್ಟಿಕೊಂಡ ತಡೆಗಳು. ಕ್ಲೈಸ್ಥೆನೀಸನ ಹತ್ತು ಬುಡಕಟ್ಟುಗಳು, ಐನೂರರ ಮಂಡಳಿ ಹೇಗೂ ಪಾಠದಲ್ಲಿ ಬರುತ್ತವೆ. ಪ್ರತಿ ಬುಡಕಟ್ಟಿನಲ್ಲೂ ನಗರ, ಕರಾವಳಿ, ಒಳನಾಡು ಮೂರರಿಂದಲೂ ತುಣುಕು ಸೇರಿಸಿದ್ದು ಹಳೆಯ ಮೂರು ಬಣಗಳನ್ನು ಒಡೆಯಲಿಕ್ಕೆ ಎಂದು ಒಂದು ಸಾಲು ಸೇರಿಸಿದರೆ ಸಾಕು. ಗಡೀಪಾರು ಮತದಾನದ ಕ್ರಮ ಮಾತ್ರ ಬಿಡಿಸಿ ಹೇಳಬೇಕು. ವರ್ಷವನ್ನು ಹತ್ತು ಅವಧಿಗಳಾಗಿ ಹಂಚಿದ್ದರು. ಆರನೇ ಅವಧಿಯಲ್ಲಿ, ಈ ವರ್ಷ ಇಂಥ ಮತದಾನ ಬೇಕೇ ಎಂದಷ್ಟೇ ಜನಸಭೆಯನ್ನು ಕೇಳುತ್ತಿದ್ದರು. ಬೇಕು ಎಂದರೆ ಎಂಟನೇ ಅವಧಿಯ ಹೊತ್ತಿಗೆ ಅಗೋರಾಕ್ಕೆ ಹಲಗೆ ಬೇಲಿ ಕಟ್ಟಿ, ಬುಡಕಟ್ಟಿಗೊಂದರಂತೆ ಹತ್ತು ಬಾಗಿಲು ಬಿಟ್ಟು, ಒಡೆದ ಮಡಕೆ ಚೂರಿನ ಮೇಲೆ ಹೆಸರು ಗೀಚಿ ಹಾಕಿಸುತ್ತಿದ್ದರು. ಒಟ್ಟು 6,000 ಚೂರು ಬೀಳಬೇಕು ಎಂದು ಪ್ಲೂಟಾರ್ಕ್. ಒಬ್ಬನ ಹೆಸರಿಗೇ 6,000 ಎಂದು ಅಥೆನ್ಸಿನ ಇತಿಹಾಸಕಾರ ಫಿಲೊಕೊರಸ್. ಸೋತವನು ಹತ್ತು ದಿನದಲ್ಲಿ ಹೊರಟು ಹತ್ತು ವರ್ಷ ಹೊರಗಿರಬೇಕು, ಆಸ್ತಿ ಅವನದೇ. ಆರೋಪವಿಲ್ಲ, ವಿಚಾರಣೆಯಿಲ್ಲ. ಮೊದಲ ಬಾರಿ ನಡೆದದ್ದು ಕ್ರಿ.ಪೂ. 487ರಲ್ಲಿ, ಹೋದವನು ಹಿಪ್ಪಿಯಸನ ಬಂಧುವರ್ಗದ ಇನ್ನೊಬ್ಬ ಹಿಪ್ಪಾರ್ಕಸ್.

ಇದೂ ಕೆಡುತ್ತಿತ್ತು. ಅಕ್ರೊಪೊಲಿಸಿನ ಉತ್ತರದ ಇಳಿಜಾರಿನ ಬಾವಿಯೊಂದರಲ್ಲಿ ಅಥೆನ್ಸಿನ ನಾಯಕ ಥೆಮಿಸ್ಟೊಕ್ಲೀಸನ ಹೆಸರಿನ ಸುಮಾರು 190 ಚೂರು ಸಿಕ್ಕಿವೆ, ಎಲ್ಲ ಕೆಲವೇ ಕೈಗಳ ಬರಹ. ಯಾರೋ ಮೊದಲೇ ಬರೆದಿಟ್ಟು ಹಂಚಲು ತಯಾರಾಗಿದ್ದರು. ನಿರಂಕುಶಾಧಿಕಾರದ ಭಯಕ್ಕೆ ಮಾಡಿದ ಉಪಕರಣ ಬಣ ರಾಜಕೀಯದ ಕೈಗೆ ಸಿಕ್ಕಿತ್ತು.

ತರಗತಿಗೆ ಒಂದು ಚಟುವಟಿಕೆ ಸೂಚಿಸುತ್ತೇವೆ, ಒಂದು ಪೀರಿಯಡ್ ಸಾಕು. ಪೈಸಿಸ್ಟ್ರಾಟಸನ ಹೆಸರು ಹೇಳದೆ, ಆ ಬೆಳಗ್ಗೆ ಸಭೆಗೆ ಗೊತ್ತಿದ್ದಷ್ಟನ್ನೇ ಹೇಳಿ: ಯುದ್ಧ ಗೆದ್ದ ನಾಯಕ, ಮೈಮೇಲೆ ಗಾಯ, ಐವತ್ತು ದೊಣ್ಣೆಯವರ ಬೇಡಿಕೆ. ಹೆಸರನ್ನೋ ಮುಂದಿನ ಕಥೆಯನ್ನೋ ಮೊದಲೇ ಬಿಟ್ಟುಕೊಟ್ಟರೆ ಎಲ್ಲರೂ ಬೇಡ ಎಂದು ಕೈಯೆತ್ತುತ್ತಾರೆ, ಚಟುವಟಿಕೆ ಅಲ್ಲಿಗೇ ಮುಗಿಯಿತು. ಮೊದಲು ಠರಾವನ್ನು ಇದ್ದಂತೆ ಮತಕ್ಕೆ ಹಾಕಿ. ಆಮೇಲೆ ತಿದ್ದುಪಡಿ ಕೇಳಿ: ಅವಧಿ, ಸಂಬಳ, ಮುಖ್ಯಸ್ಥ, ತಿಂಗಳಿಗೊಮ್ಮೆ ತಲೆ ಎಣಿಕೆ. ನಂತರ ಪ್ಲೂಟಾರ್ಕ್ ಹೇಳುವುದನ್ನು ಓದಿ ಹೇಳಿ. ಆ ಸಭೆಯಲ್ಲಿ ಹೆಂಗಸರಿಗೂ ಗುಲಾಮರಿಗೂ ಕೈಯೆತ್ತುವ ಹಕ್ಕಿರಲಿಲ್ಲ ಎಂಬುದನ್ನು ಮತದಾನದ ಮುಂಚೆಯೇ ತಿಳಿಸಿ, ಬೇಕಿದ್ದರೆ ಹಾಗೆಯೇ ಒಂದು ಸಲ ಮತ ಹಾಕಿಸಿ ನೋಡಿ.

ಕೊನೆಯದಾಗಿ ಯೂಕ್ರಟೀಸ್ ಎಂಬಾತ ಮಂಡಿಸಿದ ಕಾನೂನು. ಕ್ರಿ.ಪೂ. 338ರಲ್ಲಿ ಕೈರೋನಿಯಾದಲ್ಲಿ ಮ್ಯಾಸಿಡೋನಿಯದ ಎದುರು ಸೋತ ಎರಡು ವರ್ಷಕ್ಕೆ, 336ರಲ್ಲಿ, ಅಥೆನ್ಸ್ ಮಾಡಿದ ಕಾನೂನಿದು. ನಿರಂಕುಶಾಧಿಕಾರಕ್ಕಾಗಿ ಜನತೆಯ ವಿರುದ್ಧ ಎದ್ದವನನ್ನು ಕೊಂದವನಿಗೆ ದೋಷವಿಲ್ಲ ಎನ್ನುವ ಮೊದಲ ಭಾಗ ಹಳೆಯ ಮಾತು. ಉಳಿದದ್ದೆಲ್ಲ ಅರಿಯೋಪಗಸ್ ಮಂಡಳಿಯ, ಅಂದರೆ ಹಿಂದೆ ಆರ್ಕನ್ ಆಗಿದ್ದವರ ಹಳೆಯ ಮಂಡಳಿಯ, ಸದಸ್ಯರ ಮೇಲೆ. ಪ್ರಜಾಪ್ರಭುತ್ವ ಉರುಳಿದ ಮೇಲೆ ಅವರಲ್ಲಿ ಯಾರೂ ಅರಿಯೋಪಗಸ್ ಗುಡ್ಡ ಹತ್ತಕೂಡದು, ಒಟ್ಟಿಗೆ ಕೂರಕೂಡದು, ಒಂದೇ ಒಂದು ವಿಷಯವನ್ನೂ ಚರ್ಚಿಸಕೂಡದು. ಮೀರಿದರೆ ಅವನಿಗೂ ಅವನ ಸಂತತಿಗೂ ನಾಗರಿಕ ಹಕ್ಕು ಹೋಯಿತು, ಆಸ್ತಿ ಜಪ್ತಿ, ಅದರಲ್ಲಿ ಹತ್ತನೇ ಒಂದು ಭಾಗ ಅಥೀನಾ ದೇವಿಗೆ. ಹಿಂದೆ 404ರ ಮೂವತ್ತರ ಕೂಟ ಸಲಾಮಿಸಿನ ಲಿಯಾನ್ ಎಂಬವನನ್ನು ಹಿಡಿದು ತರಲು ಐವರನ್ನು ಕರೆಸಿದಾಗ ನಾಲ್ವರು ಹೋಗಿದ್ದರು, ಸಾಕ್ರಟೀಸ್ ಒಬ್ಬ ಮನೆಗೆ ಹೋದ. ಆದಷ್ಟು ಜನರನ್ನು ತಮ್ಮ ಕೃತ್ಯದಲ್ಲಿ ಸಿಲುಕಿಸಲು ಅವರು ಹೀಗೆ ಮಾಡುತ್ತಿದ್ದರು ಎಂದು ಪ್ಲೇಟೊ ಬರೆದಿದ್ದಾನೆ. ಯೂಕ್ರಟೀಸ್ ಗುರಿಯಿಟ್ಟದ್ದು ಆ ನಾಲ್ವರಂಥವರ ಮೇಲೆ.

ಕಾನೂನನ್ನು ಎರಡು ಕಲ್ಲಿನಲ್ಲಿ ಕೆತ್ತಿಸಿ, ಒಂದನ್ನು ಅರಿಯೋಪಗಸಿನ ಪ್ರವೇಶದಲ್ಲಿ, ಇನ್ನೊಂದನ್ನು ಜನಸಭೆಯಲ್ಲಿ ನಿಲ್ಲಿಸಲು ಆಜ್ಞೆಯಾಯಿತು. ಕೆತ್ತನೆಯ ಖರ್ಚಿಗೆ 20 ದ್ರಾಕ್ಮಾ. ಅದರಿಂದ ಊರು ಉಳಿಯಲಿಲ್ಲ. 322ರಲ್ಲಿ ಮ್ಯಾಸಿಡೋನಿಯದ ಆಂಟಿಪೇಟರ್ ಕಾವಲುಪಡೆ ಇಟ್ಟು, 2,000 ದ್ರಾಕ್ಮಾ ಆಸ್ತಿ ಇಲ್ಲದವರ ರಾಜಕೀಯ ಹಕ್ಕು ಕಿತ್ತುಕೊಂಡ. ಒಂದು ಕಲ್ಲು 1952ರಲ್ಲಿ ಅಗೋರಾದಲ್ಲಿ ಸಿಕ್ಕಿತು, ಈಗ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ. ಮೇಲ್ಭಾಗದಲ್ಲಿ ಗಡ್ಡದ ಮುದುಕನಾಗಿ ಕೂತ ಜನತೆಗೆ ಪ್ರಜಾಪ್ರಭುತ್ವ ಎಂಬ ಹೆಂಗಸು ಕಿರೀಟ ತೊಡಿಸುವ ಉಬ್ಬುಚಿತ್ರವಿದೆ. ಪಾಠದಲ್ಲಿ ಒಂದೇ ಚಿತ್ರಕ್ಕೆ ಜಾಗವಿದ್ದರೆ ಪಾರ್ಥೆನಾನ್ ಬಿಟ್ಟು ಇದನ್ನು ಹಾಕಿ, ಚಿತ್ರದ ಕೆಳಗೆ ಅರಿಯೋಪಗಸಿನವರಿಗೆ ಹಾಕಿದ ನಿಷೇಧವನ್ನು ಪೂರ್ತಿಯಾಗಿ ಅಚ್ಚು ಮಾಡಿಸಿ.

ಇಂತಿ ನಿಮ್ಮ ವಿಶ್ವಾಸಿಗಳು,
ಪ್ರಾಚೀನ ಗ್ರೀಸಿನ ಇತಿಹಾಸ ಓದುವ, ಓದಿಸುವ ಕೆಲವರು